ನಾರುಹುಣ್ಣು ಮತ್ತು ಹೆಸರಿಲ್ಲದ ಸೆಲೆ

ಹೋದ ತಿಂಗಳು ಶಿರೋಳದ ಒಬ್ಬ ಹೆಣ್ಣುಮಗಳು ತನ್ನ ಆರು ವರ್ಷದ ಕೂಸನ್ನು ಎತ್ತಿಕೊಂಡು ನನ್ನ ಮನೆಗೆ ಬಂದಳು. ಕೂಸಿನ ಕಣಕಾಲಿನ ಮೇಲೆ ಗುಳ್ಳೆಯೊಂದು ಒಡೆದು, ಅದರೊಳಗಿಂದ ಬಿಳಿಯ ನೂಲಿನ ತುದಿಯಂಥದು ಇಣುಕುತ್ತಿತ್ತು. ನೋಡಿದ ಕೂಡಲೇ ಗುರುತು ಸಿಕ್ಕಿತು. ನಾರುಹುಣ್ಣು.

"ಅಜ್ಜಿ, ನಿಮಗೂ ಆಗಿತ್ತಂತಲ್ರಿ. ಹ್ಯಾಂಗ ತಡಕೊಂಡ್ರಿ?" ಎಂದು ಕೇಳಿದಳು.

ಬೇವಿನೆಲೆ ಕಟ್ಟು, ಎಣ್ಣೆ ಬಟ್ಟೆ ಹಾಕು, ಅವಸರ ಮಾಡಬೇಡ ಎಂದು ಹೇಳಿ ಕಳಿಸಿದೆ. ಅವಳು ಹೋದಮೇಲೆ ನಾಚಿಕೆಯಾಯಿತು. ಅವಳು ಕೇಳಿದ್ದು ಔಷಧವನ್ನಲ್ಲ. ಹೇಗೆ ತಡೆದುಕೊಂಡೆ ಎಂಬುದಕ್ಕೆ ಒಂದು ಮಾತಿನ ಉತ್ತರವಿಲ್ಲ. ಆದ್ದರಿಂದ ಇದನ್ನು ಬರೆಯುತ್ತಿದ್ದೇನೆ. ಎಪ್ಪತ್ತು ದಾಟಿದ ಕೈ, ಅಕ್ಷರ ಸೊಟ್ಟಗಿದ್ದರೆ ಕ್ಷಮೆಯಿರಲಿ. ನನಗೆ ಬರೆಯಲು ಕಲಿಸಿದ ಕಾನ್ವೆಂಟಿನ ಮದರ್ ಇದ್ದಿದ್ದರೆ ಗೆಣ್ಣಿನ ಮೇಲೆ ಒಂದು ಕೊಡುತ್ತಿದ್ದರು.

ಈ ಬೇನೆ ಕಾಣದ ಊರಿನವರಿಗೆ ಇಷ್ಟು ಹೇಳಿದರೆ ಸಾಕು. ಕಾಲಿನೊಳಗೆ ನೂಲಿನಂಥ ಒಂದು ಹುಳು ಬೆಳೆದು ಚರ್ಮ ಒಡೆದು ಹೊರಗೆ ತಲೆ ಹಾಕುತ್ತದೆ. ಎರಡು ಗೇಣು, ಮೂರು ಗೇಣು ಇರುತ್ತದೆ. ಅದನ್ನು ಜೋಳದ ದಂಟಿನ ಸಿಬಿರಿಗೆ ಸುತ್ತಿ ದಿನಕ್ಕೆ ಒಂದು ಸುತ್ತು, ಅರ್ಧ ಸುತ್ತು ತೆಗೆಯಬೇಕು. ಹರಿದರೆ ಉಳಿದದ್ದು ಒಳಗೆ ಸೇದಿಕೊಂಡು ಕಾಲು ಕೊಳೆಯಬಹುದು. ಕೆರೆ ಬಾವಿಗಳ ನೀರಿನಿಂದ ಬರುತ್ತದೆ ಎಂದು ಈಗಿನ ಡಾಕ್ಟರರು ಹೇಳುತ್ತಾರೆ. ಆಗ ನಮಗೆ ಗೊತ್ತಿರಲಿಲ್ಲ. ಗೊತ್ತಿದ್ದರೂ ಬೇರೆ ನೀರು ಎಲ್ಲಿತ್ತು?

ನರಗುಂದದ ಅರಸರು ಕಂಪನಿ ಸರಕಾರದ ಮೇಲೆ ತಿರುಗಿಬಿದ್ದು ಗಲಾಟೆಯಾಗುವುದಕ್ಕೆ ಎರಡು ವರ್ಷ ಮೊದಲಿನ ಮಾತು. ನನಗೆ ಹನ್ನೆರಡು. ನಮ್ಮದು ಗಜೇಂದ್ರಗಡದ ನೇಕಾರರ ಮನೆತನ. ಅವ್ವ ತೀರಿಕೊಂಡಮೇಲೆ ಅಪ್ಪ ಸೀರೆ ಮಾರುತ್ತ ಬೆಳಗಾವಿ ಕ್ಯಾಂಪಿಗೆ ಹೋಗಿ ಅಲ್ಲಿಯೇ ಅಂಗಡಿ ಹಾಕಿದ್ದರು. ಮನೆಯಲ್ಲಿ ಹೆಣ್ಣು ದಿಕ್ಕಿಲ್ಲದ ಕೂಸನ್ನು ಏನು ಮಾಡುವುದು? ಸೂಜಿ ಕೆಲಸ ಕಲಿಸುತ್ತಾರೆಂದು ಕಾನ್ವೆಂಟಿನ ಮದರ್‌ಗಳ ಹತ್ತಿರ ಬಿಟ್ಟರು. ಹೀಗೆ ನಾನು ಎರಡು ದೇವರ ನಡುವೆ ಬೆಳೆದೆ. ಬೆಳಗಾವಿಯಲ್ಲಿ ಚಾಪೆಲ್, ಮೊಣಕಾಲೂರಿ ಪ್ರೇಯರ್. ಬೇಸಿಗೆಯಲ್ಲಿ ಗಜೇಂದ್ರಗಡಕ್ಕೆ ಬಂದರೆ ದೊಡ್ಡವ್ವನ ಮನೆಯ ದೇವರಕೋಣೆ, ವಿಭೂತಿ, ತೀರ್ಥ. ಎರಡೂ ಕಡೆ ನಾನು ಒಳ್ಳೆಯ ಹುಡುಗಿಯೇ ಆಗಿದ್ದೆ. ಮತ ಬದಲಿಸು ಎಂದು ಮದರ್ ಬಲವಂತ ಮಾಡಲಿಲ್ಲ, ಪ್ರೇಯರ್ ಬಿಡು ಎಂದು ದೊಡ್ಡವ್ವನೂ ಹೇಳಲಿಲ್ಲ.

ಗುಳ್ಳೆ ಎದ್ದದ್ದು ಚಾಪೆಲ್‌ನಲ್ಲಿ ಮೊಣಕಾಲೂರಿದ್ದಾಗ. ಬಲಗಾಲಿನ ಮೀನಖಂಡದಲ್ಲಿ ಕೆಂಡ ಇಟ್ಟಂತೆ ಉರಿ. ಕಾಯಿಲೆಯವರ ಕೋಣೆಯಾದ ಇನ್ಫರ್ಮರಿಯ ಸಿಸ್ಟರ್ ಹೊಸದಾಗಿ ಹಡಗಿನಿಂದ ಇಳಿದವರು. ಬಿಳಿ ತುದಿಯನ್ನು ನೋಡಿ ಇದು ನರ, ಮುಟ್ಟಬಾರದು ಎಂದು ಗಾಬರಿಯಿಂದ ಬಟ್ಟೆ ಕಟ್ಟಿದರು. ಅಪ್ಪ ಬಂದು ಬಟ್ಟೆ ಬಿಚ್ಚಿ ನೋಡಿದರು. ಮರುದಿನವೇ ಎತ್ತಿನ ಗಾಡಿ ಹೂಡಿಸಿದರು. ಇದನ್ನು ತೆಗೆಯುವ ಕೈ ನಮ್ಮ ಊರಿನಲ್ಲಿದೆ, ಇಲ್ಲಿಲ್ಲ, ಎಂದು ಮದರ್‌ಗೆ ಹೇಳಿಸಿದರಂತೆ. ಆರು ದಿನದ ಹಾದಿ. ನರಗುಂದದ ಗುಡ್ಡ ಬಯಲಿನ ನಡುವೆ ದಿನವಿಡೀ ಕಾಣುತ್ತಿತ್ತು. ಗಾಡಿ ಎಷ್ಟು ನಡೆದರೂ ಅದು ಹತ್ತಿರ ಬರಲೂ ಇಲ್ಲ, ದೂರ ಹೋಗಲೂ ಇಲ್ಲ. ಮೃಗಶಿರಾ ಮಳೆ ಎರಡು ಹನಿ ಬಿದ್ದು ಎರೆಭೂಮಿ ವಾಸನೆ ಬಿಟ್ಟಿತ್ತು. ಆ ವಾಸನೆ ಬಂದರೆ ಈಗಲೂ ನನ್ನ ಮೀನಖಂಡ ಜುಮ್ಮೆನ್ನುತ್ತದೆ.

ನನ್ನ ದೊಡ್ಡವ್ವ ನೀಲವ್ವ, ಅವ್ವನ ಅಕ್ಕ. ಮಕ್ಕಳಿಲ್ಲದವಳು. ಮಗ್ಗದ ಮೇಲೆ ಕೂತು ನೇಯುವವರು ದೊಡ್ಡಪ್ಪ. ನೂಲು ಸುತ್ತುವುದು, ಹಾಸು ಹಾಕುವುದು, ಗಂಜಿ ತಿಕ್ಕುವುದು, ಹರಿದ ಎಳೆ ಕೂಡಿಸುವುದು ದೊಡ್ಡವ್ವ. ಬೆಳಗಿನ ಹೊತ್ತು ಓಣಿಯಲ್ಲಿ ಉದ್ದಕ್ಕೆ ಹಾಸು ಎಳೆದು ಕಟ್ಟಿದಾಗ ಅವಳು ಅದರ ಪಕ್ಕದಲ್ಲಿ ನಡೆದುಹೋಗುವುದನ್ನು ನೋಡಬೇಕಿತ್ತು. ಸಾವಿರ ಎಳೆಗಳಲ್ಲಿ ಒಂದು ಸಡಿಲಾಗಿದ್ದರೂ ಅವಳ ಬೆರಳಿಗೆ ಗೊತ್ತಾಗುತ್ತಿತ್ತು, ಕಣ್ಣಿಗೂ ಮೊದಲು. ಹರಿದ ಎಳೆಯ ಎರಡು ತುದಿಗಳನ್ನು ಎಂಜಲು ಹಚ್ಚಿದ ಬೆರಳಿನಿಂದ ಹೊಸೆದರೆ ಎಲ್ಲಿ ಹರಿದಿತ್ತು ಎಂಬುದೇ ತಿಳಿಯುತ್ತಿರಲಿಲ್ಲ. ನನ್ನ ನಾರನ್ನು ಅವಳ ಕೈಗೆ ಒಪ್ಪಿಸಿ ಅಪ್ಪ ನಿಶ್ಚಿಂತೆಯಿಂದ ಬೆಳಗಾವಿಗೆ ಮರಳಿದರು.

ಹತ್ತು ದಿನ ಚೆನ್ನಾಗಿಯೇ ನಡೆಯಿತು. ಬೆಳಿಗ್ಗೆ ಪಡಸಾಲೆಯ ಕಂಬಕ್ಕೆ ಒರಗಿಸಿ ಕೂಡಿಸುತ್ತಿದ್ದಳು. ತಣ್ಣೀರು ಹನಿಸಿ ಸಿಬಿರನ್ನು ಒಂದು ಸುತ್ತು ತಿರುಗಿಸುತ್ತಿದ್ದಳು. ಅದನ್ನು ಹುಳು ಎನ್ನುತ್ತಿರಲಿಲ್ಲ. "ನಮ್ಮ ಪಾವಣೇರು ಇವತ್ತ ಒಂದು ಬಟ್ಟು ಬಂದ್ರು ನೋಡು" ಎನ್ನುವಳು, ಬಿಡಾರ ಬಿಡಲು ಮನಸ್ಸಿಲ್ಲದ ನೆಂಟರ ಹಾಗೆ. ನನಗೆ ನಗು ಬರುತ್ತಿತ್ತು, ನಕ್ಕರೆ ಕಾಲು ಅಲುಗುತ್ತಿತ್ತು, ಆಗ ಬೈಯುವಳು.

ಆದರೆ ಕೀವು ಸೋರುವ ಕಾಲಿನವಳಿಗೆ ದೇವರಕೋಣೆಗೂ ಅಡುಗೆಮನೆಗೂ ಪ್ರವೇಶವಿರಲಿಲ್ಲ. ಅದು ಮನೆಯ ಪದ್ಧತಿ, ಯಾರ ಸಿಟ್ಟೂ ಅದರಲ್ಲಿರಲಿಲ್ಲ. ಪಡಸಾಲೆಯಿಂದ ನನಗೆ ದೀಪದ ಬೆಳಕು ಗೋಡೆಯ ಮೇಲೆ ಆಡುವುದಷ್ಟೇ ಕಾಣುತ್ತಿತ್ತು. ಇತ್ತ ಮೊಣಕಾಲು ಮಡಚಲು ಬಾರದ್ದರಿಂದ ಪ್ರೇಯರ್‌ಗೂ ಕೂರಲಾಗುತ್ತಿರಲಿಲ್ಲ. ಮಲಗಿ ಪ್ರೇಯರ್ ಹೇಳುವುದು ಸೋಮಾರಿಗಳ ಲಕ್ಷಣ ಎಂದು ಮದರ್ ಹೇಳಿದ್ದರು. ಪಕ್ಕದ ಮನೆಯ ಮುದುಕಿ ಬಾಗಿಲಲ್ಲಿ ನಿಂತು, ಎರಡು ದೇವರಿಗೆ ಕೈ ಮುಗಿದವರನ್ನು ಎರಡೂ ಕೈಬಿಡುತ್ತವೆ ಎಂದು ನನಗೆ ಕೇಳಿಸುವಂತೆಯೇ ದೊಡ್ಡವ್ವನಿಗೆ ಹೇಳಿದಳು. ದೊಡ್ಡವ್ವ ಬಾಗಿಲು ಮುಂದೆ ಮಾಡಿದಳು. ಆದರೆ ಮಾತು ನನ್ನೊಳಗೆ ಹೊಕ್ಕಿತ್ತು. ಇದು ಪನಿಶ್‌ಮೆಂಟ್ ಎಂದು ನಂಬಿದೆ. ಯಾರು ಕೊಟ್ಟದ್ದು ಎಂದು ಮಾತ್ರ ಗೊತ್ತಾಗಲಿಲ್ಲ.

ಹನ್ನೊಂದನೆಯ ದಿನ. ಓಣಿಯಲ್ಲಿ ಹಾಸು ಹಾಕಿತ್ತು. ದೊಡ್ಡಪ್ಪ ಹೊರಗಿನಿಂದ ಯಾವುದೋ ಎಳೆ ಜೋತುಬಿದ್ದಿದೆ ಎಂದು ಕೂಗಿ ಹೇಳಿದರು. ದೊಡ್ಡವ್ವ ನನ್ನ ಕಾಲ ಮೇಲೆ ಬಾಗಿದ್ದವಳು, ಬಂದೆ ಎಂದು ಉತ್ತರ ಕೊಟ್ಟಳು. ಅದೇ ಹೊತ್ತಿಗೆ ಸಿಬಿರಿಗೂ ಗಾಯಕ್ಕೂ ನಡುವೆ ನಾರು ತುಸು ಸಡಿಲಾಯಿತು. ಮಗ್ಗದವರಿಗೆ ಸಡಿಲು ಎಂದರೆ ತಪ್ಪು. ನಾರಿನ ವಿಷಯದಲ್ಲಿ ಅದೇ ಸಡಿಲು ಜೀವ. ಇದು ದೊಡ್ಡವ್ವನಿಗೆ ಗೊತ್ತಿತ್ತು, ಹತ್ತು ದಿನ ಅವಳು ತನ್ನ ಕೈಯನ್ನು ಕಾದುಕೊಂಡೇ ಇದ್ದಳು. ಆ ಒಂದು ಗಳಿಗೆ ಅವಳ ಗಮನ ಓಣಿಯ ಎಳೆಯ ಕಡೆಗಿತ್ತು. ಹೆಬ್ಬೆರಳು, ತೋರುಬೆರಳು ಮೂವತ್ತು ವರ್ಷದ ಹ್ಯಾಬಿಟ್‌ನಂತೆ ಸಡಿಲನ್ನು ಬಿಗಿ ಮಾಡಿದವು.

ಸಪ್ಪಳವೇ ಆಗಲಿಲ್ಲ. ನೋವೂ ಆಗಲಿಲ್ಲ. ಅವಳ ಕೈಯಲ್ಲಿ ಸಿಬಿರು, ಅದರಿಂದ ಜೋತುಬಿದ್ದ ಒಂದು ತುದಿ. ಅವಳು ಬೆರಳನ್ನು ನಾಲಗೆಗೆ ತಾಗಿಸಿ ಇನ್ನೊಂದು ತುದಿಗಾಗಿ ನನ್ನ ಕಾಲಿನತ್ತ ಕೈ ಚಾಚಿದಳು, ಕೂಡಿಸಲು. ಇನ್ನೊಂದು ತುದಿ ಅಲ್ಲಿರಲಿಲ್ಲ. ಒಳಗೆ ಹೋಗಿಯಾಗಿತ್ತು. ಆ ಒದ್ದೆ ಬೆರಳು ಗಾಳಿಯಲ್ಲಿ ನಿಂತದ್ದು ನನಗೆ ನಿನ್ನೆ ನೋಡಿದಂತಿದೆ.

ಮೂರು ದಿನದಲ್ಲಿ ಕಾಲು ಕುಂಬಳದಂತೆ ಊದಿತು. ಜ್ವರ. ಪುರ್ತಗೇರಿಯ ಪರಿಚಯದ ಒಕ್ಕಲಿಗರೊಬ್ಬರ ಗಾಡಿಯಲ್ಲಿ ಹುಲ್ಲು ಹಾಸಿ ನನ್ನನ್ನು ರೋಣಕ್ಕೆ ಕರೆದುಕೊಂಡು ಹೋದರು. ಅಲ್ಲಿ ನಾರುಹುಣ್ಣಿಗೆ ಹೆಸರಾದ ಒಬ್ಬ ಹಕೀಮರಿದ್ದರು. ಅವರ ಮನೆಯ ಮುಂದಿನ ಕಟ್ಟೆಯೇ ಕಾಯುವ ಜಾಗ. ನಾನು ಆಮೇಲೆ ಎಷ್ಟೋ ಆಸ್ಪತ್ರೆಗಳ ವೇಟಿಂಗ್ ರೂಮುಗಳಲ್ಲಿ ಕೂತಿದ್ದೇನೆ, ಅಂಥ ಗಮ್ಮತ್ತಿನ ಜಾಗ ಕಾಣಲಿಲ್ಲ. ಹನ್ನೆರಡು ಹದಿನಾಲ್ಕು ಮಂದಿ, ಎಲ್ಲರ ಕಾಲಿಗೂ ಸಿಬಿರು ಕಟ್ಟಿದೆ, ಎಲ್ಲರೂ ಕಾಲು ನೀಡಿಕೊಂಡು ಒಬ್ಬರದನ್ನೊಬ್ಬರು ಹೋಲಿಸುತ್ತಿದ್ದಾರೆ. ಅಸೂಟಿಯ ರೈತನೊಬ್ಬನಿಗೆ ಎರಡೂ ಕಾಲಿನಲ್ಲಿ ಒಂದೊಂದು. ಆತ ಅದನ್ನು ಜೋಡೆತ್ತು ಎನ್ನುತ್ತಿದ್ದ.

"ನೀವು ನೇಕಾರ ಮಂದಿ ಏನ್ರಿ?" ದೊಡ್ಡವ್ವನ ಸೀರೆಯ ಸೆರಗು ನೋಡಿ ಕೇಳಿದ. "ಚಲೋ ಆತು. ನಮ್ಮೆಲ್ಲಾರದೂ ಕೂಡಿಸಿ ಒಂದು ಸೀರಿ ನೇದ ಬಿಡ್ರಿ. ಹಕೀಮರ ಮನೀಯವರಿಗೆ ಉಡಿಸೂಣು."

ಕಟ್ಟೆಯೆಲ್ಲ ನಕ್ಕಿತು. ನಾನೂ ಜ್ವರದಲ್ಲಿ ನಕ್ಕೆ. ದೊಡ್ಡವ್ವ ನಗಲಿಲ್ಲ. ಆತ ನನ್ನ ಕಾಲು ನೋಡಿ, ಸಿಬಿರು ಎಲ್ಲಿ ಎಂದು ವಿಚಾರಿಸಿದ. ಹರಿಯಿತು ಎಂದು ದೊಡ್ಡಪ್ಪ ಹೇಳಿದರು.

"ನೂಲಿನ ಮಂದಿ ಕೈಯಾಗ ಹ್ಯಾಂಗ ಹರೀತ್ರಿ?"

ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಆದರೆ ದೊಡ್ಡವ್ವ ತನ್ನ ಎರಡೂ ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡಳು. ಊರಿಗೆ ಮರಳುವವರೆಗೂ ಹೊರಗೆ ತೆಗೆಯಲಿಲ್ಲ.

ಹಕೀಮರು ಬಹಳ ವಯಸ್ಸಾದವರು. ಕಾಲನ್ನು ಮುಟ್ಟುವ ಮೊದಲು ನನ್ನ ಹಣೆ ಮುಟ್ಟಿದರು. ಕೆದಕಬೇಡಿ, ಕೊಯ್ಯಬೇಡಿ, ಕತ್ತಲೆ ಕೋಣೆಯಲ್ಲಿ ಮುಚ್ಚಿಡಬೇಡಿ ಎಂದರು. ಗಾಳಿ ಬಿಸಿಲು ಬೀಳಲಿ. ದಿನಾ ಬೆಳಿಗ್ಗೆ ತಣ್ಣೀರು ಹನಿಸಿ. "ಬಾವಿ ನೀರು ಬ್ಯಾಡವಾ. ಕಲ್ಲಾಗಿಂದ ಇಳಿಯೂ ನೀರು ಸಿಕ್ರ ನೋಡ್ರಿ. ಅದು ತಂಪು ಇರ್ತದ." ಆಮೇಲೆ ನನಗೆ ಕೇಳಿಸದಿರಲೆಂದು ದೊಡ್ಡಪ್ಪನನ್ನು ಆಚೆ ಕರೆದರು. ಆದರೆ ಮುದುಕರ ಪಿಸುಮಾತು ದೊಡ್ಡದು.

"ಬಾವು ಮೊಣಕಾಲು ದಾಟಿ ನಾಕು ಬೆರಳು ಮ್ಯಾಲೆ ಏರಿತು ಅಂದ್ರ ನನ್ನ ಕಡೆ ತರಬ್ಯಾಡ್ರಿ. ಸೀದಾ ಧಾರವಾಡದ ದವಾಖಾನಿಗೆ ಒಯ್ರಿ. ಸಾಹೇಬ ಕಾಲು ತಗೀತಾನ. ಜೀವ ಉಳೀತದ."

ಮನೆಗೆ ಬಂದ ಕೂಡಲೇ ದೊಡ್ಡವ್ವ ನೂಲಿಗೆ ಬಣ್ಣ ಹಾಕುವ ನೀಲಿಯನ್ನು ಕಡ್ಡಿಗೆ ಅದ್ದಿ, ನನ್ನ ಮೊಣಕಾಲಿನಿಂದ ನಾಲ್ಕು ಬೆರಳು ಮೇಲೆ ತೊಡೆಯ ಸುತ್ತ ಒಂದು ಗೆರೆ ಎಳೆದಳು. ದಿನಾ ಬೆಳಿಗ್ಗೆ ಬಾವು ಎಲ್ಲಿಗೆ ಬಂತು, ಗೆರೆ ಎಲ್ಲಿದೆ ನೋಡುವುದು. ಸುದ್ದಿ ತಿಳಿದು ಅಪ್ಪನಿಂದ ಕಾಗದ ಬಂತು. ದೊಡ್ಡಪ್ಪನಿಗೆ ಹತ್ತಿರದ ಸಣ್ಣ ಅಕ್ಷರ ಮಂಜಾಗುತ್ತಿದ್ದರಿಂದ ನಾನೇ ಓದಿದೆ. ಮಹಾನವಮಿಗೆ ಬರುತ್ತೇನೆ, ಅಷ್ಟರಲ್ಲಿ ಇಳಿಯದಿದ್ದರೆ ತಡಮಾಡದೆ ಧಾರವಾಡಕ್ಕೆ ಒಯ್ಯುತ್ತೇನೆ, ಹುಡುಗಿಗೆ ಹೇಳಬೇಡಿ ಎಂದಿತ್ತು. ಮಹಾನವಮಿಗೆ ಬರುತ್ತೇನೆ ಎಂಬಲ್ಲಿಗೆ ನಿಲ್ಲಿಸಿ ಕಾಗದ ಮಡಚಿದೆ. "ಅಷ್ಟ?" ಎಂದು ದೊಡ್ಡವ್ವ ಕೇಳಿದಳು. "ಅಷ್ಟ" ಎಂದೆ.

ಕಲ್ಲಿನಿಂದ ಇಳಿಯುವ ನೀರು. ನಮ್ಮ ಕಾಲಕಾಲೇಶ್ವರನ ಗುಡ್ಡದ ಅಂತರಗಂಗೆ ಎಲ್ಲರಿಗೂ ಗೊತ್ತು. ಆದರೆ ಅದು ದೇವಸ್ಥಾನ, ಮಡಿಯ ಜಾಗ. ನನ್ನಂಥವಳನ್ನು ಅಲ್ಲಿ ಮೆಟ್ಟಿಲು ಹತ್ತಿಸುವಂತಿರಲಿಲ್ಲ. ದೊಡ್ಡವ್ವನಿಗೆ ಬೇರೊಂದು ನೆನಪಾಯಿತು. ನೇಕಾರರ ಓಣಿಯ ಹಿಂದಿನ ಗುಡ್ಡದಲ್ಲಿ ಅರ್ಧಕ್ಕೆ ಹತ್ತಿದರೆ ಎರಡು ಬಂಡೆಗಳ ಸಂದಿನಿಂದ ಹನಿಹನಿಯಾಗಿ ಬೀಳುವ ಒಂದು ಸೆಲೆ ಇತ್ತು. ದನ ಕಾಯುವವರು ಬೊಗಸೆ ಒಡ್ಡುವಷ್ಟು ನೀರು, ಕೊಡ ತುಂಬುವಷ್ಟಲ್ಲ. ಆದ್ದರಿಂದ ಅದಕ್ಕೆ ಹೆಸರಿರಲಿಲ್ಲ. ಗುಡಿ ಇರಲಿಲ್ಲ, ಪೂಜಾರಿ ಇರಲಿಲ್ಲ. ನೀನು ಯಾರು, ಒಳಗೆ ಬರಬಹುದೇ ಎಂದು ಕೇಳುವವರಿರಲಿಲ್ಲ.

ದೊಡ್ಡವ್ವ ನನ್ನನ್ನು ಬೆನ್ನ ಮೇಲೆ ಹೊತ್ತುಕೊಂಡು ಹತ್ತುತ್ತಿದ್ದಳು. ನಾನು ಕಡ್ಡಿಯಂತಿದ್ದೆ, ಆದರೂ ಹನ್ನೆರಡು ವರ್ಷದವಳು. ದೊಡ್ಡಪ್ಪ ತಾನು ಹೊರುತ್ತೇನೆಂದರೆ ಕೊಡುತ್ತಿರಲಿಲ್ಲ. ಇನ್ನೊಂದು ಮಾತು ನಾನು ತಡವಾಗಿ ಗಮನಿಸಿದೆ. ನಾರು ಹರಿದ ದಿನದಿಂದ ಅವಳು ನೂಲು ಮುಟ್ಟಿರಲಿಲ್ಲ. ಮಗ್ಗದ ಮೇಲೆ ಅರ್ಧ ಸೀರೆ ಹಾಗೇ ನಿಂತಿತ್ತು. ದೊಡ್ಡಪ್ಪ ಮಗ್ಗಕ್ಕೆ ಬಟ್ಟೆ ಮುಚ್ಚಿದರು.

ಸೆಲೆಯ ಹತ್ತಿರ ನನ್ನನ್ನು ಚಪ್ಪಟೆ ಬಂಡೆಯ ಮೇಲೆ ಕೂಡಿಸಿ, ಎಲೆಯ ದೊನ್ನೆಯಲ್ಲಿ ಹನಿ ಹಿಡಿದು, ತುಂಬಿದಮೇಲೆ ಗಾಯದ ಮೇಲೆ ಸುರಿಯುತ್ತಿದ್ದಳು. ನನ್ನ ಕಾಲು ತೊಳೆದ ನೀರು ಸೆಲೆಗೆ ಮರಳದಂತೆ ಕೆಳಗಿನ ಕಲ್ಲಿಗೆ ಹರಿಯಿಸುತ್ತಿದ್ದಳು. ದೊನ್ನೆ ತುಂಬಲು ಬಹಳ ಹೊತ್ತು ಬೇಕು. ಮೊದಮೊದಲು ಆ ಹೊತ್ತನ್ನೆಲ್ಲ ನಾನು ಇಂಗ್ಲಿಷ್ ಪ್ರೇಯರ್‌ನಿಂದ ತುಂಬಿದೆ, ಉಸಿರು ಬಿಡದೆ, ಮೂವತ್ತು ಸಲ, ನಲವತ್ತು ಸಲ. ನನ್ನ ಕಾಲು ಕೊಡು, ಕಾಲು ಕೊಡು. ಅದು ಸಾಲದೆಂದು ದೊಡ್ಡವ್ವನ ದೇವರ ಹೆಸರನ್ನೂ ಸೇರಿಸಿದೆ. ಇಬ್ಬರಲ್ಲಿ ಒಬ್ಬರಾದರೂ ಕೇಳಿಸಿಕೊಳ್ಳಲಿ ಎಂದು. ಫೂಲಿಶ್ ಗರ್ಲ್. ಅಂಗಡಿಯ ಬಾಗಿಲು ಬಡಿಯುವವರ ಹಾಗೆ ಬಡಿಯುತ್ತಿದ್ದೆ.

ಹನಿ ಬೀಳುವ ದಾರಿಯಲ್ಲಿ ಸಂದಿಯೊಳಗೆ ಒಂದು ಕಪ್ಪೆ ಕೂರುತ್ತಿತ್ತು. ಹೆಬ್ಬೆರಳಿನಷ್ಟು ದೊಡ್ಡದು. ಕೆಲವು ಹನಿ ಅದರ ಬೆನ್ನ ಮೇಲೆ ಬಿದ್ದು ಆಮೇಲೆ ದೊನ್ನೆಗೆ ಬೀಳುತ್ತಿದ್ದವು. ದೊಡ್ಡವ್ವ ಓಡಿಸಲು ನೋಡಿದಳು, ಅದು ಕದಲಲಿಲ್ಲ. ಆಮೇಲೆ ನಮಗೆ ರೂಢಿಯಾಯಿತು. ಒಂದು ಹನಿ ಕಪ್ಪೆಗೆ, ಒಂದು ಹನಿ ನನಗೆ. ಪಂಚಮಿ ಬಂತು. ಕೆಳಗೆ ಓಣಿಯಲ್ಲಿ ಹುಡುಗಿಯರು ಜೋಕಾಲಿ ಆಡುವ ಗದ್ದಲ ಮೇಲಿನವರೆಗೂ ಕೇಳುತ್ತಿತ್ತು. ದೊಡ್ಡವ್ವ ಉಂಡಿ ಕಟ್ಟಿಕೊಂಡು ಬಂದಿದ್ದಳು. ನಾನು ತಿನ್ನದೆ ಅತ್ತೆ. ಅವಳು ಉಂಡಿಯ ಒಂದು ಚೂರನ್ನು ಇರುವೆಗಳ ಸಾಲಿನ ಹತ್ತಿರ ಇಟ್ಟಳು. ಅವು ಬಂದು ಹೊತ್ತುಕೊಂಡು ಹೋಗುವುದನ್ನು ನೋಡುತ್ತ ನಾನು ಅಳು ಮರೆತೆ. ಎಲ್ಲಿ ಮರೆತೆ ಎಂಬುದೂ ತಿಳಿಯಲಿಲ್ಲ.

ಒಂದು ದಿನ ಕೇಳಿದೆ, ನಾರನ್ನು ಮಾಡಿದವರು ಯಾರು ಎಂದು. ಕಾನ್ವೆಂಟಿನಲ್ಲಿ ಹಕ್ಕಿ, ಹೂವು, ಕುರಿಮರಿ ಎಲ್ಲ ದೇವರು ಮಾಡಿದ್ದು ಎಂದು ಕಲಿಸಿದ್ದರು. ನಾರಿನ ಮಾತು ಬಂದಿರಲಿಲ್ಲ. ದೊಡ್ಡವ್ವ ದೊನ್ನೆಯನ್ನೇ ನೋಡುತ್ತಿದ್ದಳು.

"ಅದನ್ನೂ ಅವನ ಮಾಡಿರಬೇಕು" ಎಂದಳು. "ಈ ಕೈನೂ ಅವನ ಮಾಡ್ಯಾನ. ಯಾವುದಕ್ಕ ಬೈಲಿ ಹೇಳು?"

ಅಂದು ಮೊದಲ ಸಲ ಅವಳ ಕೈಯ ಮಾತು ಅವಳ ಬಾಯಿಂದ ಬಂತು. ಅದಕ್ಕೆ ಮುಂಚೆ ನಾನು ನನ್ನ ಕಾಲನ್ನಷ್ಟೇ ನೋಡಿದ್ದೆ. ಅವಳದೂ ಒಂದು ಗಾಯ ಇದೆ, ಅದರ ಮೇಲೆ ಹನಿಸುವವರಿಲ್ಲ ಎಂದು ಆಗ ಹೊಳೆಯಿತು. ಏನು ಹೇಳಬೇಕೋ ತಿಳಿಯದೆ ಅವಳ ಕೈ ಹಿಡಿದು ಹನಿಯ ಕೆಳಗೆ ಇಟ್ಟೆ. ಅವಳು ಬಿಡಿಸಿಕೊಳ್ಳಲಿಲ್ಲ.

ಬಾವು ಮಾತ್ರ ಏರುತ್ತಲೇ ಇತ್ತು. ಮಹಾನವಮಿಗೆ ತಿಂಗಳಿದೆ ಎನ್ನುವಾಗ ನೀಲಿ ಗೆರೆಯ ಅಂಚಿಗೆ ಬಂತು. ಆ ಬೆಳಿಗ್ಗೆ ದೊಡ್ಡವ್ವ ಸೊಪ್ಪು ಕೀಳಲು ಮೇಲೆ ಹೋಗಿದ್ದಳು. ನಾನೊಬ್ಬಳೇ ಬಂಡೆಗೆ ಒರಗಿ ಕೂತಿದ್ದೆ. ಗಾಳಿ ಇರಲಿಲ್ಲ. ಕಾರೆಮುಳ್ಳಿನ ಪೊದೆಯಲ್ಲಿ ಒಂದು ಪಿಕಳಾರ ಹಕ್ಕಿ ಎರಡು ಮಾತಾಡಿ ಸುಮ್ಮನಾಯಿತು. ಹನಿ, ಮತ್ತೆ ಹನಿ. ನಾನು ಪ್ರೇಯರ್ ಹೇಳುತ್ತಿಲ್ಲ ಎಂದು ನನಗೇ ಗೊತ್ತಾಯಿತು, ಆದರೆ ಶುರು ಮಾಡಬೇಕೆನಿಸಲಿಲ್ಲ. ಅಷ್ಟರಲ್ಲಿ ಬಿಸಿಲು ಗುಡ್ಡದ ನೆತ್ತಿ ದಾಟಿ ನನ್ನ ಹಿಂದಿನ ಬಂಡೆಗೆ ಬಿತ್ತು. ಬಂಡೆ ನಿಧಾನವಾಗಿ ಬೆಚ್ಚಗಾಯಿತು. ಯಾರೋ ಬಂದು ಬೆನ್ನಿಗೆ ಬೆನ್ನು ಕೊಟ್ಟು ಕೂತಂತೆ. ಅವರು ನನ್ನನ್ನು ಏನೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಕಾಲು ಹೋದರೂ ಇವರು ಹೋಗುವುದಿಲ್ಲ ಎನಿಸಿತು. ನಾನು ತಿರುಗಿ ನೋಡಲಿಲ್ಲ. ನೋಡಿದರೆ ಬಂಡೆ ಕಾಣುತ್ತಿತ್ತು, ಅಷ್ಟೇ. ಅದೂ ಸುಳ್ಳಲ್ಲ.

ಇದನ್ನು ನಾನು ಯಾರಿಗೂ ಹೇಳಲಿಲ್ಲ. ಮುಂದೆ ಕನ್ಫೆಷನ್‌ಗೆ ಕೂರುವ ಗೆಳತಿಯರಿಗೂ ಹೇಳಲಿಲ್ಲ, ಹಬ್ಬದ ದಿನ ಊರಿನ ಸ್ವಾಮಿಗಳಿಗೂ ಹೇಳಲಿಲ್ಲ. ಈಗ ಆ ಶಿರೋಳದ ತಾಯಿಗಾಗಿ ಹೇಳುತ್ತಿದ್ದೇನೆ. ಆದರೆ ಇದನ್ನೂ ಸ್ಪಷ್ಟವಾಗಿ ಹೇಳಬೇಕು. ಅಂದು ನನ್ನ ಕಾಲು ವಾಸಿಯಾಗಲಿಲ್ಲ. ಮರುದಿನ ಬೆಳಿಗ್ಗೆ ಬಾವು ಗೆರೆಯನ್ನು ಒಂದು ಬೆರಳು ದಾಟಿತ್ತು.

ದೊಡ್ಡವ್ವ ನೋಡಿದಳು. ನಾನು ನಿದ್ದೆಯಲ್ಲಿದ್ದೇನೆ ಎಂದುಕೊಂಡಿದ್ದಳು. ಒದ್ದೆ ಬಟ್ಟೆಯಿಂದ ಹಳೆಯ ಗೆರೆಯನ್ನು ತಿಕ್ಕಿ ಅಳಿಸಿ, ಕಡ್ಡಿ ನೀಲಿಗೆ ಅದ್ದಿ, ಎರಡು ಬೆರಳು ಮೇಲೆ ಹೊಸ ಗೆರೆ ಎಳೆದಳು. ದೊಡ್ಡಪ್ಪ ಬಂದು ಹೇಗಿದೆ ಎಂದು ಕೇಳಿದಾಗ, "ಗೆರಿ ದಾಟಿಲ್ಲ" ಎಂದಳು. ಅವಳು ಜೀವಮಾನದಲ್ಲಿ ಹೇಳಿದ ಒಂದೇ ಸುಳ್ಳು ಅದಿರಬೇಕು. ಅದು ತಪ್ಪೋ ಸರಿಯೋ ನನಗೆ ಇವತ್ತಿಗೂ ತಿಳಿಯದು. ಕಾಲು ಕೊಳೆತು ನಾನು ಸತ್ತಿದ್ದರೆ ಅದು ಅವಳ ತಲೆಯ ಮೇಲೆ ಇರುತ್ತಿತ್ತು. ನಾನು ಕಣ್ಣು ಮುಚ್ಚಿಕೊಂಡೇ ಇದ್ದೆ. ಅವಳ ಸುಳ್ಳಿಗೆ ನನ್ನ ಸೈಲೆನ್ಸ್ ಜೊತೆಯಾಯಿತು. ಇದನ್ನು ಓದುವ ತಾಯಂದಿರು ಹಾಗೆ ಮಾಡಬಾರದು. ಈಗ ಡಾಕ್ಟರರಿದ್ದಾರೆ, ತೋರಿಸಬೇಕು.

ಎರಡು ದಿನದ ಮೇಲೆ, ಸೆಲೆಯ ಹತ್ತಿರ, ಮೂರನೆಯ ದೊನ್ನೆ ಸುರಿಯುವಾಗ ಹಳೆಯ ಗಾಯದ ಪಕ್ಕದಲ್ಲಿ ಬಾವು ಒಡೆಯಿತು. ಆ ವಾಸನೆಗೆ ದೊಡ್ಡವ್ವ ಮುಖ ತಿರುಗಿಸಲಿಲ್ಲ. ಕೀವು ಹರಿದುಹೋಗಿ ನೀರು ಸ್ವಚ್ಛವಾದಾಗ ಅಲ್ಲಿ ಬಿಳಿಯ ತುದಿ ಕಂಡಿತು. ನಮ್ಮ ಪಾವಣೇರು.

ದೊಡ್ಡವ್ವ ಎರಡು ಹೆಜ್ಜೆ ಹಿಂದೆ ಸರಿದಳು. "ದೊಡ್ಡಪ್ಪನ್ನ ಕರೀತೇನಿ" ಎಂದಳು. ಎರಡೂ ಕೈ ಮತ್ತೆ ಸೆರಗಿನೊಳಗೆ ಹೋಗಿದ್ದವು. ಕೆಳಗೆ ಹೋಗಿ ಬರುವಷ್ಟರಲ್ಲಿ ಅದು ಒಳಗೆ ಹೋದರೆ? ನನಗೆ ಸಿಬಿರು ಕೊಡು ಎಂದೆ. ಅವಳು ದಂಟಿನ ಕಡ್ಡಿಯೊಂದನ್ನು ಹುಡುಕಿ, ಸೀಳಿ ಕೊಟ್ಟಳು. ಆಮೇಲೆ ಬಂಡೆಯ ಕಡೆಗೆ ಮುಖ ಮಾಡಿ ನಿಂತಳು, ಒಲೆಯ ಮೇಲಿನ ಹಾಲು ಉಕ್ಕುವುದನ್ನು ನೋಡಲಾರದವರ ಹಾಗೆ.

ನಾನೇ ಸುತ್ತಿದೆ. ಕಾನ್ವೆಂಟಿನಲ್ಲಿ ಸಣ್ಣ ಸ್ಟಿಚ್ ಹಾಕಿ ಕಲಿತ ಬೆರಳುಗಳು. ಆದರೆ ಆಗ ಉಪಯೋಗಕ್ಕೆ ಬಂದದ್ದು ಆ ವಿದ್ಯೆಯಲ್ಲ. ಒಂದು ಹನಿ ಬೀಳುವುದು, ಕಾಯುವುದು, ಇನ್ನೊಂದು ಬೀಳುವುದು. ನಾನು ಎಳೆಯಲಿಲ್ಲ. ಅದು ಬಂದಷ್ಟನ್ನು ತೆಗೆದುಕೊಂಡೆ. ಬಾರದ ದಿನ ಸುಮ್ಮನೆ ಕೂತು ಎದ್ದುಬಂದೆ. ಪೇಶನ್ಸ್ ಎಂದು ಮದರ್ ದಿನಕ್ಕೆ ಹತ್ತು ಸಲ ಹೇಳುತ್ತಿದ್ದರು, ಅದು ಹಲ್ಲು ಕಚ್ಚಿ ಮಾಡುವ ಕೆಲಸ ಎಂದು ತಿಳಿದಿದ್ದೆ. ಹಲ್ಲು ಕಚ್ಚಬೇಕಾಗಿಲ್ಲ. ಕೊಡುವವರು ಎದುರಿಗೆ ಕೂತಿದ್ದಾರೆ, ಅವರಿಗೆ ಅವಸರವಿಲ್ಲ ಎಂದು ಗೊತ್ತಿದ್ದರೆ ಸಾಕು.

ನನ್ನ ಪ್ರೇಯರ್ ಅಂದಿನಿಂದ ಬದಲಾಯಿತು. ಮುಂದಿನ ವರ್ಷ ಕಾನ್ವೆಂಟಿಗೆ ಮರಳಿದಾಗ ನನ್ನ ಬಲಮೊಣಕಾಲು ಮಡಚುತ್ತಿರಲಿಲ್ಲ. ಚಾಪೆಲ್‌ನಲ್ಲಿ ನಾನೊಬ್ಬಳು ನಿಂತಿರುವುದನ್ನು ನೋಡಿ ಮದರ್ ಮೊದಲು ಸಿಡುಕಿದರು. ಆಮೇಲೆ ಕಾಲು ನೋಡಿ, ತೋಟದ ಕಡೆಯ ಬಾಗಿಲ ಹತ್ತಿರ ನನಗೊಂದು ಸ್ಟೂಲ್ ಹಾಕಿಸಿದರು. ಆ ಬಾಗಿಲು ತೆರೆದೇ ಇರುತ್ತಿತ್ತು. ಉಳಿದವರು ಆಲ್ಟರ್ ನೋಡುತ್ತಿದ್ದರು. ನಾನು ಮಾವಿನ ಮರದ ಕೆಳಗೆ ಮಣ್ಣು ಕೆದರುವ ಹರಟೆಮಲ್ಲ ಹಕ್ಕಿಗಳನ್ನು ನೋಡುತ್ತಿದ್ದೆ. ಮದರ್‌ಗೆ ಅದು ಗೊತ್ತಿತ್ತು. ಒಂದು ದಿನ ನನ್ನ ಪಕ್ಕದಲ್ಲಿ ನಿಂತು ಸ್ವಲ್ಪ ಹೊತ್ತು ತಾವೂ ನೋಡಿದರು. ಏನೂ ಹೇಳದೆ ಹೋದರು. ಅದನ್ನು ನಾನು ಮರ್ಸಿ ಎಂದು ಲೆಕ್ಕ ಹಿಡಿದಿದ್ದೇನೆ.

ಇಪ್ಪತ್ತಮೂರು ದಿನ ಹಿಡಿಯಿತು. ಬಾವು ದಿನಕ್ಕೆ ಒಂದು ಕೂದಲೆಳೆಯಷ್ಟು ಇಳಿಯಿತು. ದೊಡ್ಡವ್ವ ದಿನಾ ಬಂಡೆಯ ಕಡೆ ಮುಖ ಮಾಡಿ ನಿಲ್ಲುತ್ತಿದ್ದಳು, ನಾನು ಮುಗಿಯಿತು ಎಂದಮೇಲೆ ತಿರುಗುತ್ತಿದ್ದಳು. ಕೊನೆಯ ದಿನ ನಾರಿನ ಬಾಲ ಕೂದಲಿಗಿಂತ ಸಣ್ಣದಾಗಿ ಬಂದು, ತಾನಾಗಿ ಬಿಟ್ಟುಕೊಂಡು ಸಿಬಿರಿನ ಮೇಲೆ ಬಿತ್ತು. ಗಾಯದಿಂದ ಎರಡು ಹನಿ ಶುದ್ಧ ರಕ್ತ. ನಾನು ಮುಗಿಯಿತು ಎಂದೆ.

"ಇವತ್ತಿಂದು ಮುಗೀತೇನು?"

"ಎಲ್ಲಾ ಮುಗೀತು, ದೊಡ್ಡವ್ವ."

ಅವಳು ತಿರುಗಿದಳು. ಸಿಬಿರನ್ನು ತೆಗೆದುಕೊಂಡು, ಸುತ್ತಿದ್ದನ್ನು ಬೆಳಕಿಗೆ ಹಿಡಿದು ನೋಡಿದಳು, ಎಲ್ಲಾದರೂ ಹರಿದಿದೆಯೇ ಎಂದು. ಬೆರಳಿನಿಂದ ತಡವಿದಳು. ಹರಿದಿರಲಿಲ್ಲ. ಕಲ್ಲುಗಳ ನಡುವೆ ಎಲೆ ಸೇರಿಸಿ ಬೆಂಕಿ ಮಾಡಿ ಅದನ್ನು ಸುಟ್ಟಳು. ಆಮೇಲೆ ನನ್ನ ಮುಂದೆ ಕುಕ್ಕರುಗಾಲಲ್ಲಿ ಕೂತು ಬೆನ್ನು ಕೊಟ್ಟಳು, ದಿನದಂತೆ. ಮರುದಿನ ಅಪ್ಪ ಬರುವವರಿದ್ದರು. ನಾನು ನಡೆದುಬರುತ್ತೇನೆ ಎಂದೆ. ಬೇಡ ಎನ್ನುತ್ತಾಳೆ ಎಂದುಕೊಂಡೆ. ಅವಳು ಎದ್ದು ನನ್ನ ಕೈಗೆ ಒಂದು ಕೋಲು ಕೊಟ್ಟಳು.

ಹಿಮ್ಮಡಿ ಊರಲಿಲ್ಲ, ಬೆರಳ ಮೇಲೆ ನಿಂತೆ. ಇಳಿಜಾರಿನಲ್ಲಿ ಅದೇ ಒಳ್ಳೆಯದಾಯಿತು. ನಾಲ್ಕು ಹೆಜ್ಜೆ, ನಿಲ್ಲುವುದು, ಮತ್ತೆ ನಾಲ್ಕು. ಸೀತಾಫಲದ ಗಿಡಗಳಲ್ಲಿ ಕಾಯಿ ಬಿಟ್ಟಿದ್ದವು. ಕೆಳಗೆ ಓಣಿಯ ಮನೆಗಳಿಂದ ಮಗ್ಗಗಳ ಸಪ್ಪಳ ಬರುತ್ತಿತ್ತು. ದೊಡ್ಡವ್ವ ನನ್ನ ಮುಂದೆ ನಡೆಯುತ್ತಿದ್ದಳು, ಬಿದ್ದರೆ ತನ್ನ ಮೇಲೆಯೇ ಬೀಳಲಿ ಎಂದು. ಒಂದು ಸಲವೂ ತಿರುಗಿ ನೋಡಲಿಲ್ಲ, ಕೋಲಿನ ಸಪ್ಪಳ ಕೇಳುತ್ತ ಹೆಜ್ಜೆ ಹಾಕುತ್ತಿದ್ದಳು. ಅವಳ ಬೆನ್ನು ಬರಿದಾಗಿತ್ತು. ಆದರೂ ಎರಡೂ ಕೈಗಳನ್ನು ಹಿಂದಕ್ಕೆ ಹೆಣೆದುಕೊಂಡು, ಸ್ವಲ್ಪ ಮುಂದಕ್ಕೆ ಬಾಗಿ, ನಾನು ಇನ್ನೂ ಅಲ್ಲಿಯೇ ಇದ್ದೇನೆ ಎನ್ನುವಂತೆ ಇಳಿಯುತ್ತಿದ್ದಳು.